ಲಕ್ಷದ್ವೀಪಗಳ ಗಾಳಿಯೂ ಕಡಲೂ

ಮೇ ತಿಂಗಳು ಅರ್ಧ ಕಳೆಯಿತೆಂದರೆ ನಮ್ಮ ಕಚೇರಿಗೆ ಬರುವವರೆಲ್ಲರ ಬಾಯಿಯಲ್ಲಿಯೂ ಒಂದೇ ಪ್ರಶ್ನೆ: ಮಳೆ ಎಂದು ಬರುವುದು? ವಕೀಲರು ಕೇಳುವರು, ಜವಳಿ ವರ್ತಕರು ಕೇಳುವರು, ತಾಲ್ಲೂಕು ಕಚೇರಿಯ ಗುಮಾಸ್ತರು ಕೇಳುವರು. ಪತ್ರಿಕೆಯವನಿಗೂ ಮೋಡಕ್ಕೂ ಏನೋ ಗುಟ್ಟಿನ ಒಪ್ಪಂದವಿರುವುದೆಂದು ಇವರೆಲ್ಲರ ನಂಬುಗೆ. ನಾವು ಹವಾಮಾನ ಇಲಾಖೆಯ ವರದಿಯನ್ನು ಮುಂದಿಡುವೆವು. ಆ ವರದಿಯ ಕೊನೆಯಲ್ಲಿ ಒಂದು ಸಾಲು ಇರುವುದುಂಟು: ಲಕ್ಷದ್ವೀಪ ಪ್ರದೇಶದಲ್ಲಿ ಗಾಳಿ ಬಿರುಸಾಗಿರುವುದು, ಕಡಲು ಪ್ರಕ್ಷುಬ್ಧವಾಗಿರುವುದು, ಮೀನುಗಾರರು ಕಡಲಿಗೆ ಇಳಿಯಕೂಡದು. ಈ ಸಾಲನ್ನು ಓದುವವರು ವಿರಳ. ಸ್ಥಳ ಸಾಲದಿರುವಾಗ ಉಪಸಂಪಾದಕರ ಕತ್ತರಿಗೆ ಮೊದಲು ಸಿಕ್ಕುವುದೂ ಅದೇ ಎಂಬುದನ್ನು ನಾವು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಆದರೆ ನಮ್ಮ ವಾಚಕರ ಪ್ರಶ್ನೆಗೆ ಉತ್ತರವು ಹುಟ್ಟುವುದು ಆ ಸಾಲಿನ ಕಡಲಿನಲ್ಲಿಯೇ. ಮುಂಗಾರು ಭಾರತದ ನೆಲವನ್ನು ಮುಟ್ಟಿತೆಂದು ಸಾರುವುದಕ್ಕೆ ಹವಾಮಾನ ಇಲಾಖೆಯವರು ಒಂದು ಕಟ್ಟುಪಾಡನ್ನು ಮಾಡಿಕೊಂಡಿದ್ದಾರೆ. ಹದಿನಾಲ್ಕು ಮಳೆಮಾಪನ ಕೇಂದ್ರಗಳನ್ನು ಆರಿಸಿ, ಮೇ ೧೦ರ ಅನಂತರ ಅವುಗಳಲ್ಲಿ ನೂರಕ್ಕೆ ಅರವತ್ತರಷ್ಟು ಕೇಂದ್ರಗಳು ಎರಡು ದಿನ ಒಂದೇ ಸಮನೆ ೨.೫ ಮಿಲಿಮೀಟರಿಗೆ ಕಡಿಮೆಯಿಲ್ಲದೆ ಮಳೆ ಕಂಡರೆ, ಅದರೊಡನೆ ಪಡುವಣ ಗಾಳಿಯ ಆಳವೂ ಮೋಡಗಳ ದಟ್ಟಣೆಯೂ ಗೊತ್ತಾದ ಮಟ್ಟವನ್ನು ಮುಟ್ಟಿದ್ದರೆ, ಎರಡನೆಯ ದಿನ ಮುಂಗಾರು ಬಂದಿತೆಂದು ಪ್ರಕಟಿಸುತ್ತಾರೆ. ಈ ಹದಿನಾಲ್ಕರ ಪಟ್ಟಿಯಲ್ಲಿ ಮೊದಲ ಎರಡು ಹೆಸರುಗಳು ಮಿನಿಕಾಯ್ ಮತ್ತು ಅಮೀನಿ. ಕೊನೆಯ ಹೆಸರು ಮಂಗಳೂರು. ಕನ್ನಡನಾಡಿನ ರೈತನು ಕೂರಿಗೆಗೆ ಕೈಹಾಕುವ ಮೊದಲು ಹವಳದ ಎರಡು ದ್ವೀಪಗಳು ಸಾಕ್ಷಿ ನುಡಿಯಬೇಕಾಗಿರುವುದು. ಸಾಕ್ಷಿಯ ಮಾತನ್ನು ಕೇಳಿ ಸಾಕ್ಷಿಯ ಕ್ಷೇಮವನ್ನು ವಿಚಾರಿಸದಿರುವುದು ಸಭ್ಯರಿಗೆ ತಕ್ಕುದಲ್ಲವಾದುದರಿಂದ ಈ ಲೇಖನ.

ಪಾಠಶಾಲೆಯ ಭೂಪಟದಲ್ಲಿ ಇವು ನೊಣ ಕುಳಿತು ಹೋದಂತಹ ಚುಕ್ಕಿಗಳು. ನಿಜವಾಗಿ ನೋಡಿದರೂ ಅದಕ್ಕಿಂತ ಬಹಳ ದೊಡ್ಡವೇನಲ್ಲ. ಕೇರಳದ ಕರಾವಳಿಯಿಂದ ೨೨೦ರಿಂದ ೪೪೦ ಕಿಲೋಮೀಟರುಗಳ ದೂರದಲ್ಲಿ ಚದರಿಕೊಂಡಿರುವ ಈ ದ್ವೀಪಗಳ ನೆಲವೆಲ್ಲ ಕೂಡಿದರೆ ೩೨ ಚದರ ಕಿಲೋಮೀಟರು. ಜನವಸತಿಯಿರುವುವು ಹತ್ತು. ೨೦೧೧ರ ಜನಗಣತಿಯಂತೆ ನಿವಾಸಿಗಳು ೬೪,೪೭೩. ಇವುಗಳಲ್ಲಿ ಬಿತ್ರವೆಂಬ ದ್ವೀಪದ ನೆಲವು ನಮ್ಮ ಒಬ್ಬ ಸ್ಥಿತಿವಂತನ ತೆಂಗಿನ ತೋಟದಷ್ಟು, ಅಂದರೆ ಇಪ್ಪತ್ತಾರು ಎಕರೆ. ಬೆಟ್ಟವಿಲ್ಲ, ಹೊಳೆಯಿಲ್ಲ, ಕಲ್ಲೆಂದರೆ ಹವಳದ ಕಲ್ಲೇ. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರುಗಳಷ್ಟು ಎತ್ತರವಾದ ಮರಳು, ಅದರ ಮೇಲೆ ತೆಂಗು, ತೆಂಗಿನ ಕೆಳಗೆ ಮನುಷ್ಯ.

ಇಂತಹ ನೆಲವು ಮಳೆಗಾಲದ ಅರಬ್ಬೀ ಸಮುದ್ರದ ನಡುವೆ ಉಳಿದುಕೊಂಡಿರುವುದು ಹೇಗೆ? ಇದನ್ನು ತಿಳಿಯಬೇಕಾದರೆ ದ್ವೀಪವನ್ನಲ್ಲ, ದ್ವೀಪದ ಸುತ್ತಲಿನ ಕೋಟೆಯನ್ನು ನೋಡಬೇಕು. ಹವಳದ ಹುಳುಗಳೆಂಬ ಅತಿಸಣ್ಣ ಜೀವಿಗಳು ಸುಣ್ಣವನ್ನು ಕೂಡಿಸಿ ಕೂಡಿಸಿ ಕಟ್ಟಿದ ಉಂಗುರದಂತಹ ದಂಡೆಯೊಂದು ಕಡಲಿನ ಆಳದಿಂದ ಎದ್ದು ನೀರಿನ ಮಟ್ಟಕ್ಕೆ ಬಂದು ನಿಂತಿರುವುದು. ಜ್ವಾಲಾಮುಖಿಯ ಬೆಟ್ಟವು ಮೆಲ್ಲಮೆಲ್ಲನೆ ಮುಳುಗುತ್ತಿರಲು ಅದರ ಅಂಚಿನಲ್ಲಿ ಹುಟ್ಟಿದ ಹವಳವು ಬೆಳಕಿಗಾಗಿ ಮೇಲೆ ಮೇಲೆ ಬೆಳೆದು ಇಂತಹ ಉಂಗುರಗಳಾದುವೆಂದು ಡಾರ್ವಿನ್ ಪಂಡಿತನು ೧೮೪೨ರಲ್ಲಿ ಬರೆದನು. ಉಂಗುರದ ಒಳಗಡೆ ತಿಳಿಯಾದ, ಆಳವಿಲ್ಲದ ನೀರು. ಇಂಗ್ಲಿಷರು ಲಗೂನೆಂದು ಕರೆಯುವ ಇದನ್ನು ನಾವು ಒಳಗಡಲೆನ್ನೋಣ. ಜನರು ವಾಸಿಸುವ ನೆಲವು ಸಾಮಾನ್ಯವಾಗಿ ಈ ಉಂಗುರದ ಮೂಡಣ ಅಂಚಿನಲ್ಲಿರುವುದು, ಒಳಗಡಲು ಪಡುವಣಕ್ಕಿರುವುದು. ಇದು ಆಕಸ್ಮಿಕವಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ನೈರುತ್ಯದಿಂದ ಬರುವ ದೈತ್ಯ ಅಲೆಗಳು ಪಡುವಣ ದಂಡೆಯ ಮೇಲೆ ಬಿದ್ದು ಒಡೆದು, ಮುರಿದ ಹವಳವನ್ನೂ ಮರಳನ್ನೂ ಒಳಕ್ಕೆ ತಳ್ಳಿಕೊಂಡು ಹೋಗಿ, ಬಲಗುಂದಿದೆಡೆಯಲ್ಲಿ ಇಳಿಸುವುವು. ಹಾಗೆ ಇಳಿದ ರಾಶಿಯೇ ದ್ವೀಪ. ಮಳೆಗಾಲದ ಕಡಲೇ ಈ ನೆಲವನ್ನು ಕಟ್ಟಿದ ಒಡ್ಡ. ಅದನ್ನು ಕೆಡವಬಲ್ಲವನೂ ಅವನೇ. ನಡುವೆ ನಿಂತಿರುವುದು ಹವಳದ ಗೋಡೆ, ಮತ್ತು ಆ ಗೋಡೆಗೆ ಜೀವವಿರುವುದು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ದ್ವೀಪದ ವರ್ಷವು ನಮ್ಮ ವರ್ಷದಂತಲ್ಲ. ನಮ್ಮಲ್ಲಿ ಋತುಗಳು ಗದ್ದೆಯಲ್ಲಿ ಕಾಣುವುವು, ಅಲ್ಲಿ ನೀರಿನ ಬಣ್ಣದಲ್ಲಿ ಕಾಣುವುವು. ನವೆಂಬರ್ ದಾಟಿದ ಮೇಲೆ ಈಶಾನ್ಯದ ಮೆಲುಗಾಳಿ ಬೀಸತೊಡಗಿ ಕಡಲು ಇಳಿಯುವುದು. ಜನವರಿ, ಫೆಬ್ರವರಿಗಳಲ್ಲಿ ಒಳಗಡಲು ಕನ್ನಡಿಯಂತಿರುವುದು. ದ್ವೀಪವಾಸಿಗಳ ಸುಗ್ಗಿಯ ಕಾಲವೆಂದರೆ ಇದು. ಮಿನಿಕಾಯಿಯವರು ಒಳಗಡಲಿನಲ್ಲಿ ಸಣ್ಣ ಮೀನುಗಳನ್ನು ಜೀವಸಹಿತ ಹಿಡಿದು, ಅವನ್ನು ಹೊರಗಡಲಿಗೆ ಒಯ್ದು ಎರಚಿ, ಮುತ್ತುವ ದೊಡ್ಡ ಟ್ಯೂನಾ ಮೀನುಗಳನ್ನು ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುವರು. ಬಲೆ ಬೀಸಿ ಕಡಲನ್ನು ಬರಿದುಮಾಡುವ ನಮ್ಮ ಕರಾವಳಿಯ ಯಂತ್ರದೋಣಿಗಳವರು ಇದನ್ನು ನೋಡಿ ನಕ್ಕಾರು; ಆದರೆ ತಲೆಮಾರುಗಳಿಂದ ಮೀನು ಬತ್ತದೆ ಉಳಿದಿರುವುದು ಅಲ್ಲಿ.

ಮಾರ್ಚಿಯಿಂದಾಚೆಗೆ ಕಡಲು ಕಾಯತೊಡಗುವುದು. ಇಲ್ಲಿ ಪ್ರಕೃತಿಯ ಒಂದು ವಿಚಿತ್ರವಿದೆ. ಚಳಿಗಾಲದಲ್ಲಿ ಬಂಗಾಳ ಉಪಸಾಗರದ ನೀರು ಸಿಂಹಳದ್ವೀಪವನ್ನು ಬಳಸಿಕೊಂಡು ಲಕ್ಷದ್ವೀಪದ ಕಡಲಿಗೆ ಬಂದು ಸೇರುವುದು. ಗಂಗೆ, ಬ್ರಹ್ಮಪುತ್ರೆ, ಗೋದಾವರಿ, ಕೃಷ್ಣೆಯರ ಸಿಹಿನೀರು ಬೆರೆತಿರುವ ಕಾರಣ ಅದರಲ್ಲಿ ಉಪ್ಪು ಕಡಿಮೆ, ಉಪ್ಪು ಕಡಿಮೆಯಾದುದರಿಂದ ತೂಕವೂ ಕಡಿಮೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಅದು ಭಾರವಾದ ಅರಬ್ಬೀ ನೀರಿನ ಮೇಲೆ ತೇಲಿ ನಿಲ್ಲುವುದು, ಕೆಳಗಿನ ತಣ್ಣೀರಿನೊಡನೆ ಸುಲಭವಾಗಿ ಬೆರೆಯದು. ಗಾಳಿಯಿಲ್ಲದ ಏಪ್ರಿಲ್ ತಿಂಗಳ ಬಿಸಿಲು ಈ ತೆಳುಪದರದ ಮೇಲೆಯೇ ಬಿದ್ದು ಬಿದ್ದು, ಮೇ ತಿಂಗಳ ಹೊತ್ತಿಗೆ ಅಲ್ಲಿ ನೀರಿನ ಉಷ್ಣತೆ ೩೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ಆ ದಿನಗಳಲ್ಲಿ ಪ್ರಪಂಚದ ಸಮುದ್ರಗಳಲ್ಲೆಲ್ಲ ಅತ್ಯಂತ ಬಿಸಿಯಾದ ಎಡೆಗಳಲ್ಲಿ ಇದೊಂದು. ಹಿಮಾಲಯದಿಂದಿಳಿದ ಗಂಗೆಯ ನೀರು ಕೊಡಗಿನ ಮಳೆಗೆ ಇಂಧನವಾಗುವುದೆಂದು ಪೌರಾಣಿಕರು ಹೇಳಿದ್ದರೆ ಓದಿದವರು ಹುಬ್ಬೇರಿಸುತ್ತಿದ್ದರು. ಕಡಲಿನ ಶಾಸ್ತ್ರಜ್ಞರೇ ಈಗ ಬಹುಮಟ್ಟಿಗೆ ಅದನ್ನೇ ಹೇಳುತ್ತಿರುವರು. ಈ ಬಿಸಿನೀರಿನ ಮಡುವಿನ ಮೇಲೆ ಗಾಳಿ ಸುಳಿಯಾಗಿ ಕಟ್ಟಿ ಮೋಡ ಒಗ್ಗೂಡುವುದೂ, ಅದರ ಬೆನ್ನಿಗೆ ಮುಂಗಾರು ನುಗ್ಗುವುದೂ ಅನೇಕ ವರ್ಷಗಳಲ್ಲಿ ಕಂಡಿರುವುದು. ಮುಂಗಾರು ಬೀಸಿದೊಡನೆಯೇ ಕಡಲು ಕದಡಿ, ಕೆನೆ ಒಡೆದು, ಮಡು ತಣ್ಣಗಾಗುವುದು.

ಅದೇ ಗಾಳಿ, ಅದೇ ಮೋಡ. ಆದರೆ ಮಳೆಯ ಲೆಕ್ಕ ಬೇರೆ. ಅಮೀನಿಯಲ್ಲಿ ವರ್ಷಕ್ಕೆ ಸುಮಾರು ೧,೫೦೦ ಮಿಲಿಮೀಟರು, ಮಿನಿಕಾಯಿಯಲ್ಲಿ ಸುಮಾರು ೧,೬೦೦ ಮಿಲಿಮೀಟರು ಮಳೆ ಬೀಳುವುದಾದರೆ ಮಂಗಳೂರಿನಲ್ಲಿ ಅದು ಮೂರೂವರೆ ಸಾವಿರವನ್ನು ಮೀರುವುದು. ಕಾರಣ ಪಶ್ಚಿಮಘಟ್ಟ. ಮೋಡವನ್ನು ತಡೆದು ಹಿಂಡುವ ಬೆಟ್ಟ ನಮಗಿದೆ, ಅವರಿಗಿಲ್ಲ. ಮೋಡವು ಅವರ ತಲೆಯ ಮೇಲಿಂದ ಹಾದು ನಮ್ಮ ಅಂಗಳಕ್ಕೆ ಬಂದು ಇಳಿಯುವುದು. ಬಿದ್ದ ಮಳೆಯನ್ನು ಹಿಡಿದಿಡಲು ಅಲ್ಲಿ ಕೆರೆಯಿಲ್ಲ. ಮರಳು ಅದನ್ನು ಕುಡಿಯುವುದು. ಆದರೆ ಮರಳಿನ ಕೆಳಗಿರುವುದು ಉಪ್ಪುನೀರು. ಅದಕ್ಕಿಂತ ಹಗುರವಾದ ಮಳೆಯ ನೀರು ಅದರ ಮೇಲೆ ಮಸೂರದ ಬೇಳೆಯ ಆಕಾರದಲ್ಲಿ, ನಡುವೆ ದಪ್ಪವಾಗಿಯೂ ಅಂಚಿನಲ್ಲಿ ತೆಳುವಾಗಿಯೂ, ತೇಲುತ್ತಿರುವುದು. ದ್ವೀಪದ ಬಾವಿಗಳೆಲ್ಲ ತೋಡಿರುವುದು ಈ ತೇಲುವ ನೀರಿಗೆ. ಹೊರಗೆ ಉಬ್ಬರ ಬಂದರೆ ಬಾವಿಯ ನೀರು ಏರುವುದು, ಇಳಿತವಾದರೆ ಇಳಿಯುವುದು. ಮನೆಯಾಕೆಯು ಕೊಡ ತುಂಬುವಾಗ ಹಗ್ಗದ ಉದ್ದದಿಂದಲೇ ಕಡಲಿನ ಸ್ಥಿತಿಯನ್ನು ಅರಿಯಬಲ್ಲಳು. ಕೊಡದಿಂದ ಸೇದಿದರೆ ಈ ನೀರು ವರ್ಷವಿಡೀ ಒದಗುವುದು. ಆತುರಪಟ್ಟು ಪಂಪಿನಿಂದ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುವುದು, ಒಮ್ಮೆ ಬಂದರೆ ಬೇಗ ಹಿಂದಿರುಗದು.

ಈ ಕಷ್ಟಕ್ಕೆ ನಮ್ಮವರೇ ಕಂಡುಹಿಡಿದ ಒಂದು ಉಪಾಯವನ್ನು ಹೇಳದೆ ಹೋದರೆ ಅನ್ಯಾಯವಾದೀತು. ೨೦೦೫ರಲ್ಲಿ ಕವರತ್ತಿ ದ್ವೀಪದಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು, ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರನ್ನು ಕಡಲಿನಿಂದಲೇ ತೆಗೆಯುವ ಯಂತ್ರಸ್ಥಾವರವನ್ನು ನಿಲ್ಲಿಸಿದರು. ದ್ವೀಪದ ದಂಡೆಯಿಂದ ಸ್ವಲ್ಪದೂರ ಹೋದರೆ ಕಡಲು ತಟಕ್ಕನೆ ಆಳವಾಗುವುದು. ೩೫೦ ಮೀಟರುಗಳಷ್ಟು ಕೆಳಗೆ ನೀರು ತಣ್ಣಗಿರುವುದು. ಮೇಲಿನ ಬೆಚ್ಚನೆಯ ನೀರನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಆವಿಮಾಡಿ, ಆಳದ ತಣ್ಣೀರಿನಿಂದ ಆ ಆವಿಯನ್ನು ತಣಿಸಿ, ಸಿಹಿನೀರು ಮಾಡುವುದು ಇದರ ಕ್ರಮ. ೨೦೧೧ರಲ್ಲಿ ಮಿನಿಕಾಯ್, ಅಗತ್ತಿಗಳಲ್ಲಿಯೂ ಇಂತಹ ಸ್ಥಾವರಗಳಾದುವು. ದ್ವೀಪಕ್ಕೆ ಯಾವುದು ಹೊಂದುವುದೆಂಬುದನ್ನು ದ್ವೀಪದ ಕಡಲನ್ನೇ ಕೇಳಿ ಮಾಡಿದ ಕೆಲಸವಿದು. ಇಂತಹ ಕೆಲಸಗಳು ಹೆಚ್ಚಿಲ್ಲ.

ಇನ್ನು ಮಳೆಗಾಲದ ಮಾತು. ಜೂನಿನಿಂದ ಆಗಸ್ಟ್ ಮುಗಿಯುವವರೆಗೆ ಪಡುವಣ ದಂಡೆಯ ಮೇಲೆ ಅಲೆ ಒಡೆಯುವ ಮೊರೆತವು ಹಗಲಿರುಳೆನ್ನದೆ ಇರುವುದು. ದಂಡೆಯ ಹೊರಗೆ ಎರಡಾಳೆತ್ತರದ ಅಲೆ. ದಂಡೆಯನ್ನು ದಾಟಿ ಒಳಗಡಲಿಗೆ ಬರುವಷ್ಟರಲ್ಲಿ ಅದರ ಬಲದ ಬಹುಭಾಗ ಸೋರಿಹೋಗಿ ಮೊಣಕಾಲಿನಷ್ಟಾಗಿರುವುದು. ಗೋಡೆಯ ಒಳಗೆ ಮಕ್ಕಳು ಆಡಿಕೊಂಡಿರುವರು, ಗೋಡೆಯ ಹೊರಗೆ ಹಡಗು ನಿಲ್ಲಲಾರದು. ಬಂದ ಹಡಗು ದೂರದಲ್ಲಿ ನಿಂತು, ಪ್ರಯಾಣಿಕರು ಏರಿಳಿಯುವ ಸಣ್ಣ ದೋಣಿಗೆ ಹಾರಿ ಇಳಿಯಬೇಕು. ಮುದುಕರಿಗೂ ಗರ್ಭಿಣಿಯರಿಗೂ ಇದು ಎಂತಹ ಪರೀಕ್ಷೆಯೆಂಬುದನ್ನು ಬಸ್ಸು ಅರ್ಧಗಂಟೆ ತಡವಾದುದಕ್ಕೆ ನಮಗೆ ಪತ್ರ ಬರೆಯುವ ಮಹನೀಯರು ಊಹಿಸಿಕೊಳ್ಳಬೇಕು. ರೋಗ ಬಿಗಡಾಯಿಸಿದವರನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವುದುಂಟು, ಮೋಡವು ಅವಕಾಶ ಕೊಟ್ಟರೆ.

ಕಡಲು ಮುಚ್ಚುವ ಈ ನಾಲ್ಕು ತಿಂಗಳುಗಳ ಲೆಕ್ಕವು ಮಂಗಳೂರಿನವರಿಗೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಮೀನಿಯೂ ಅದರ ನೆರೆಯ ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಗಳೂ ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯನ್ನು ತೊರೆದು ಟೀಪೂ ಸುಲ್ತಾನನ ಆಶ್ರಯಕ್ಕೆ ಬಂದುವು. ೧೭೯೯ರಲ್ಲಿ ಟೀಪುವಿನ ರಾಜ್ಯದೊಡನೆ ಕುಂಪಣಿ ಸರಕಾರದ ವಶವಾದ ಈ ಐದು ದ್ವೀಪಗಳನ್ನು ಅಂದಿನಿಂದ ಮಂಗಳೂರಿನಿಂದಲೇ ಆಳಲಾಯಿತು. ಅಮೀನದೀವಿಗಳೆಂಬ ಹೆಸರಿನಲ್ಲಿ ಇವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ೧೯೫೬ರವರೆಗೆ ಉಳಿದುವು. ಆ ವರ್ಷ ನವೆಂಬರ್ ೧ರಂದು, ಕನ್ನಡಿಗರು ತಮ್ಮ ನಾಡು ಒಂದಾಯಿತೆಂದು ಹರ್ಷಿಸುತ್ತಿದ್ದ ದಿನವೇ, ಅವು ನಮ್ಮ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದುವು. ಅಲ್ಲಿಯವರ ಭಾಷೆ ಮಲೆಯಾಳದ ಒಂದು ಬಗೆ. ಆದುದರಿಂದ ಇದರಲ್ಲಿ ವ್ಯಸನಪಡುವುದಕ್ಕೇನೂ ಇಲ್ಲ. ಆದರೆ ಜಿಲ್ಲೆಯ ನಕ್ಷೆಯೊಡನೆ ನಮ್ಮ ನೆನಪೂ ಕತ್ತರಿಸಿಹೋಯಿತಲ್ಲಾ ಎಂಬುದು ವ್ಯಸನ.

ಅಂದಿನ ವ್ಯವಹಾರವನ್ನು ನೆನೆದರೆ ಹೆಮ್ಮೆಗಿಂತ ನಾಚಿಕೆಯೇ ಹೆಚ್ಚು. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿ, ಬಡಿದು, ಹೊಸೆದ ಕತ್ತವನ್ನು ಸರಕಾರವೊಂದೇ ಕೊಳ್ಳತಕ್ಕುದೆಂದು ಗುತ್ತಿಗೆಯಾಗಿತ್ತು. ಅದಕ್ಕೆ ಪ್ರತಿಯಾಗಿ ಸರಕಾರವು ತಾನು ಗೊತ್ತುಮಾಡಿದ ದರದಲ್ಲಿ ಅಕ್ಕಿಯನ್ನು ಅಳೆದು ಕೊಡುತ್ತಿತ್ತು. ಅನ್ನ ಬೇಕಾದವನು ದರದ ಚೌಕಾಸಿ ಮಾಡಲಾರನಷ್ಟೆ. ಮಳೆಗಾಲಕ್ಕೆ ಮೊದಲು ಅಕ್ಕಿ ದ್ವೀಪವನ್ನು ಸೇರದಿದ್ದರೆ ಸೆಪ್ಟೆಂಬರಿನವರೆಗೆ ತೆಂಗಿನಕಾಯಿ, ಮೀನುಗಳೇ ಗತಿ. ಹಾಯಿಯ ಹಡಗಿನ ಮಾಲ್ಮಿಗಳು ರಹ್ಮಾನಿಯೆಂಬ ಕೈಬರಹದ ನೌಕಾಶಾಸ್ತ್ರದ ಪುಸ್ತಕಗಳನ್ನು ನೋಡಿ, ನಕ್ಷತ್ರವನ್ನು ಅಳೆದು, ಕತ್ತವನ್ನೂ ಕೊಬ್ಬರಿಯನ್ನೂ ಮಂಗಳೂರಿನ ಬಂದರಿಗೆ ತರುತ್ತಿದ್ದರು. ಗಾಳಿ ತಿರುಗುವ ಮೊದಲು ಮನೆ ಸೇರುತ್ತಿದ್ದರು. ಒಂದು ವಾರ ತಪ್ಪಿದರೆ ನಾಲ್ಕು ತಿಂಗಳು ಪರಸ್ಥಳವಾಸ. ಇಂದಿಗೂ ಹಳೆಯ ಬಂದರಿನಿಂದ ಮಂಜಿಗಳು ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟುಗಳನ್ನು ಒಯ್ಯುವುದುಂಟು. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರಿನ ನಡುವಿನವರೆಗೆ ಅವು ಲಂಗರು ಹಾಕಿ ಕುಳಿತಿರುವುವು. ಯಂತ್ರ ಬಂದಿತು, ತಂತಿ ಬಂದಿತು, ಉಪಗ್ರಹ ಬಂದಿತು. ಕಡಲಿನ ಪಂಚಾಂಗ ಮಾತ್ರ ಬದಲಾಗಲಿಲ್ಲವೆಂದು ಬರೆಯಲು ನಾವು ಇಷ್ಟಪಡುತ್ತಿದ್ದೆವು. ಆದರೆ ಈಚೆಗೆ ಬದಲಾಗುತ್ತಿರುವುದು ಅದೇ.

ದ್ವೀಪಗಳಲ್ಲಿ ಚಂಡಮಾರುತವೇ ಇರಲಿಲ್ಲವೆಂದಲ್ಲ. ೧೮೪೭ರ ಏಪ್ರಿಲಿನಲ್ಲಿ ಬೀಸಿದ ಬಿರುಗಾಳಿಯ ಗುರುತನ್ನು ಕಲ್ಪೇನಿ ದ್ವೀಪದಲ್ಲಿ ಇಂದಿಗೂ ನೋಡಬಹುದು. ಅದರ ಮೂಡಣ ಮತ್ತು ಆಗ್ನೇಯ ತೀರದುದ್ದಕ್ಕೂ ಹವಳದ ಬಂಡೆಗಳ ಒಡ್ಡೊಂದು ಬಿದ್ದಿದ್ದು, ಅಂದಿನ ಕಡಲು ಎಸೆದುಹೋದುದೆಂದು ಜನರು ತೋರಿಸುವರು. ಆ ಗಾಳಿಯು ಕಲ್ಪೇನಿ, ಆಂಡ್ರೋತ್ ದ್ವೀಪಗಳ ತೆಂಗನ್ನು ಹಾಳುಮಾಡಿತು, ಅನೇಕರನ್ನು ಬಲಿತೆಗೆದುಕೊಂಡಿತು. ಅದರ ಹಿಂದೆ ಬಂದುದು ಮತ್ತೊಂದು ಬಿರುಗಾಳಿ. ದ್ವೀಪದ ಒಡೆಯನಾದ ಕಣ್ಣಾನೂರಿನ ಅರಸನಿಗೆ ಪರಿಹಾರ ಕೊಡುವ ಶಕ್ತಿ ಸಾಲದಿರಲು ಕುಂಪಣಿಯ ಅಧಿಕಾರಿ ವಿಲಿಯಂ ರಾಬಿನ್ಸನ್ ಎಂಬವನು ಸಾಲ ಕೊಡಿಸಲು ಮುಂದಾದನು. ಸಾಲಕ್ಕೆ ಬಡ್ಡಿ ಬೆಳೆಯಿತು, ಬಡ್ಡಿಗೆ ದ್ವೀಪ ಹೋಯಿತು. ೧೮೫೪ರಲ್ಲಿ ಆಡಳಿತವು ಕುಂಪಣಿಯ ಕೈಸೇರಿ, ನಡುವೆ ಕೆಲಕಾಲ ಹಿಂದಿರುಗಿದರೂ ೧೮೭೫ರಲ್ಲಿ ಪುನಃ ಆಂಗ್ಲ ಸರಕಾರದ ವಶವಾಯಿತು. ಬಿರುಗಾಳಿಯು ಮರವನ್ನಷ್ಟೇ ಬೀಳಿಸುವುದು. ಸ್ವಾತಂತ್ರ್ಯವನ್ನು ಬೀಳಿಸುವುದಕ್ಕೆ ದಫ್ತರವೂ ಲೇವಾದೇವಿಯೂ ಬೇಕಾಗುವುವು.

ಆದರೆ ಹಿಂದೆ ಇಂತಹವು ತಲೆಮಾರಿಗೊಮ್ಮೆ ನೆನೆಯುವ ಸಂಗತಿಗಳಾಗಿದ್ದುವು. ೨೦೧೭ರ ನವೆಂಬರ್ ೩೦ರಂದು ಕನ್ಯಾಕುಮಾರಿಯ ಬಳಿಯ ಕಡಲಿನಲ್ಲಿ ಒಖಿ ಎಂಬ ಚಂಡಮಾರುತವು ಅತ್ಯಲ್ಪ ಕಾಲದಲ್ಲಿ ಬಲಿತು, ಮಿನಿಕಾಯ್, ಕಲ್ಪೇನಿಗಳ ದಾರಿಯಾಗಿ ಹಾದುಹೋಯಿತು. ಎಚ್ಚರಿಕೆ ಹೊರಡುವಷ್ಟರಲ್ಲಿ ತಮಿಳುನಾಡು, ಕೇರಳಗಳ ಮೀನುಗಾರರು ಎಷ್ಟೋ ದಿನಗಳ ಹಿಂದೆಯೇ ದೂರದ ಕಡಲಿಗೆ ಹೋಗಿಬಿಟ್ಟಿದ್ದರು. ನೂರಾರು ಮಂದಿ ಹಿಂದಿರುಗಲಿಲ್ಲ. ಅಳಿದುಳಿದ ಅನೇಕ ದೋಣಿಗಳಿಗೆ ಆಶ್ರಯ ಸಿಕ್ಕಿದುದು ಈ ದ್ವೀಪಗಳಲ್ಲಿಯೇ. ತಮ್ಮ ತೆಂಗು ಬಿದ್ದು, ದೋಣಿ ಒಡೆದು ಕುಳಿತಿದ್ದ ಜನರು ಪರರಾಜ್ಯದವರಿಗೆ ಅನ್ನವಿಕ್ಕಿದರು. ೨೦೨೧ರ ಮೇ ೧೪ರಂದು ಲಕ್ಷದ್ವೀಪದ ಕಡಲಿನಲ್ಲಿಯೇ ಹುಟ್ಟಿದ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯುದ್ದಕ್ಕೂ ಉತ್ತರಕ್ಕೆ ಸರಿದು, ಮೇ ೧೭ರಂದು ಗುಜರಾತಿನ ನೆಲವನ್ನು ಹೊಡೆಯಿತು. ಹೋಗುತ್ತ ಉಳ್ಳಾಲದಲ್ಲಿ ಮನೆಗಳ ಬುಡವನ್ನು ಕೊರೆದುಕೊಂಡು ಹೋಯಿತೆಂಬುದು ವಾಚಕರಿಗೆ ನೆನಪಿರಬಹುದು. ಅಂದರೆ ಲಕ್ಷದ್ವೀಪದ ಕಡಲು ನಮಗೆ ಮಳೆಯನ್ನು ಮಾತ್ರ ಕಳುಹುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ೨೦೦೧ರಿಂದ ೨೦೧೯ರವರೆಗಿನ ಅವಧಿಯಲ್ಲಿ ಚಂಡಮಾರುತಗಳು, ಅದಕ್ಕೆ ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ, ಶೇಕಡಾ ೫೨ರಷ್ಟು ಹೆಚ್ಚಿದುವೆಂದು ಪುಣೆಯ ಹವಾಮಾನ ಸಂಸ್ಥೆಯ ವಿದ್ವಾಂಸರು ೨೦೨೧ರಲ್ಲಿ ಪ್ರಕಟಿಸಿದರು. ಕಡಲು ಹಿಂದಿಗಿಂತ ಬಿಸಿಯಾಗಿರುವುದೇ ಮುಖ್ಯ ಕಾರಣ.

ಗಾಳಿಯಿಲ್ಲದೆ ಬರುವ ಕಡಲೂ ಒಂದಿದೆ. ಏಪ್ರಿಲ್, ಮೇ ತಿಂಗಳುಗಳ ಶಾಂತವಾದ ದಿನ, ಆಕಾಶ ನಿರ್ಮಲವಾಗಿರುವಾಗ, ಏಕಾಏಕಿ ಅಲೆಗಳು ಉಬ್ಬಿ ಬಂದು ತೀರದ ಮನೆಗಳಿಗೆ ನುಗ್ಗುವುವು. ಮಲೆಯಾಳಿಗಳು ಇದನ್ನು ಕಳ್ಳಕ್ಕಡಲ್ ಎನ್ನುವರು, ಕಳ್ಳನಂತೆ ಬರುವ ಕಡಲು. ದಕ್ಷಿಣದಲ್ಲಿ, ಭೂಮಧ್ಯರೇಖೆಯ ಆಚೆ ಸಾವಿರಾರು ಮೈಲಿಗಳ ದೂರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನಗಳ ಪ್ರಯಾಣಮಾಡಿ ಇಲ್ಲಿಗೆ ಬಂದು ಮುಟ್ಟುವುದರಿಂದ ಹೀಗಾಗುವುದು. ಮೀನುಗಾರರ ಬಾಯಿಯಲ್ಲಿದ್ದ ಈ ಪದವನ್ನೇ ಈಗ ವಿಜ್ಞಾನಿಗಳೂ ಬಳಸುತ್ತಿರುವರು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದವರು ಇದನ್ನು ಮುಂಚಿತವಾಗಿ ಲೆಕ್ಕಹಾಕಿ ಸಾರುತ್ತಿರುವರು.

ಇಷ್ಟೆಲ್ಲವನ್ನೂ ತಡೆಯಬೇಕಾದುದು ಆ ಹವಳದ ಗೋಡೆ. ೨೦೨೪ರ ಜನವರಿಯಲ್ಲಿ ಈ ದ್ವೀಪಗಳ ಬಿಳಿಯ ಮರಳು, ನೀಲಿಯ ನೀರುಗಳ ಚಿತ್ರಗಳು ದೇಶದಲ್ಲೆಲ್ಲ ಹರಡಿದುವು. ಪರದೇಶದ ದ್ವೀಪಗಳಿಗೇಕೆ ಹೋಗಬೇಕು, ನಮ್ಮವೇ ಇಲ್ಲವೇ ಎಂದು ಎಲ್ಲೆಡೆಯೂ ಉತ್ಸಾಹ. ಸ್ವದೇಶಾಭಿಮಾನದ ಮಾತಾದುದರಿಂದ ನಮಗೂ ಸಂತೋಷವೇ ಆಯಿತು. ಆದರೆ ಆ ಚಿತ್ರಗಳು ಹರಡುತ್ತಿದ್ದ ತಿಂಗಳುಗಳಲ್ಲಿಯೇ ಚಿತ್ರದ ನೀರು ಕುದಿಯುತ್ತಿದ್ದಿತು. ೨೦೨೩ರ ಅಕ್ಟೋಬರಿನಿಂದ ಅಲ್ಲಿಯ ಕಡಲಿನ ಉಷ್ಣತೆ ರೂಢಿಯ ಮಟ್ಟಕ್ಕಿಂತ ಮೇಲೆಯೇ ನಿಂತು, ೨೦೨೪ರ ಬೇಸಗೆಯಲ್ಲಿ ಹವಳವು ದೊಡ್ಡ ಪ್ರಮಾಣದಲ್ಲಿ ಬಿಳಿಚಿಹೋಗಿರುವುದೆಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ವರದಿ ಮಾಡಿದರು.

ಬಿಳಿಚುವುದೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಹವಳದ ಮೈಯೊಳಗೆ ಒಂದು ಬಗೆಯ ಸೂಕ್ಷ್ಮವಾದ ಪಾಚಿ ವಾಸವಾಗಿರುವುದು. ಪಾಚಿಯು ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುವುದು, ಹವಳವು ಪಾಚಿಗೆ ಮನೆ ಕೊಡುವುದು, ಬಣ್ಣವೂ ಪಾಚಿಯದೇ. ನೀರು ಬೇಸಗೆಯ ರೂಢಿಯ ಉಷ್ಣತೆಗಿಂತ ಒಂದು ಡಿಗ್ರಿಯಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ ಈ ಸಂಸಾರ ಮುರಿಯುವುದು. ಹವಳವು ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುವುದು. ನೀರು ಬೇಗ ತಣಿದರೆ ಚೇತರಿಸಿಕೊಂಡೀತು, ತಣಿಯದಿದ್ದರೆ ಹಸಿವಿನಿಂದ ಸಾಯುವುದು. ಲಕ್ಷದ್ವೀಪದಲ್ಲಿ ೧೯೯೮ರಲ್ಲಿ ಹೀಗಾಯಿತು, ೨೦೧೦ರಲ್ಲಿ ಆಯಿತು, ೨೦೧೬ರಲ್ಲಿ ಆಯಿತು, ೨೦೨೪ರಲ್ಲಿ ಮತ್ತೆ ಆಯಿತು. ನಡುವಿನ ಬಿಡುವು ಹನ್ನೆರಡು ವರ್ಷ, ಆರು ವರ್ಷ, ಎಂಟು ವರ್ಷ. ಸತ್ತ ದಂಡೆಯು ಪುನಃ ತುಂಬಿಕೊಳ್ಳುವುದಕ್ಕೆ ಒಂದು ದಶಕವಾದರೂ ಬೇಕು. ಕಾಯಿಲೆಯಿಂದ ಎದ್ದು ಕುಳಿತವನನ್ನು ಪುನಃ ಪುನಃ ಜ್ವರ ಹಿಡಿದರೆ ಮೈಯಲ್ಲಿ ಏನು ಉಳಿದೀತು?

ಸತ್ತ ಹವಳವು ಒಂದೇ ದಿನ ಉರುಳುವುದಿಲ್ಲ. ಕಡಲಹುಳುಗಳು ಅದನ್ನು ಕೊರೆಯುವುವು, ಅಲೆಗಳು ಮುರಿಯುವುವು, ವರ್ಷ ವರ್ಷವೂ ಗೋಡೆಯ ತಲೆ ತಗ್ಗುವುದು. ಅದೇ ವರ್ಷಗಳಲ್ಲಿ ಸಮುದ್ರದ ಮಟ್ಟವು ವರ್ಷಕ್ಕೆ ಮೂರು ಮಿಲಿಮೀಟರಿಗೂ ಮೇಲ್ಪಟ್ಟು ಏರುತ್ತಿರುವುದು. ಜೀವವಿರುವ ಗೋಡೆಯು ಇದಕ್ಕೆ ಸರಿಸಮನಾಗಿ ಬೆಳೆಯಬಲ್ಲದು, ಸತ್ತ ಗೋಡೆ ಬೆಳೆಯಲಾರದು. ಬಂಗಾರಂ ಹವಳದುಂಗುರದಲ್ಲಿ ಪರಲಿ ಎಂಬ ನಿರ್ಜನವಾದ ಸಣ್ಣ ದ್ವೀಪವೊಂದಿತ್ತು. ೧೯೬೮ರಲ್ಲಿ ಅದರ ಅಳತೆ ಸುಮಾರು ಎಂಟು ಎಕರೆ. ಅದು ಸಂಪೂರ್ಣವಾಗಿ ಕೊಚ್ಚಿಹೋಗಿರುವುದೆಂದು ೨೦೧೭ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ತೋರಿಸಿದರು. ಬಿತ್ರದ ಇಪ್ಪತ್ತಾರು ಎಕರೆಗಳನ್ನು ವಾಚಕರು ಇಲ್ಲಿ ನೆನೆದುಕೊಳ್ಳಬಹುದು.

ದ್ವೀಪಗಳಿಗೆ ಪ್ರವಾಸಿಗಳು ಹೋಗಬಾರದೆಂದು ನಾವು ಹೇಳುವುದಿಲ್ಲ. ದ್ವೀಪವಾಸಿಗಳಿಗೂ ಉದ್ಯೋಗ ಬೇಕು, ಆಸ್ಪತ್ರೆ ಬೇಕು, ಒಳ್ಳೆಯ ಹಡಗುಕಟ್ಟೆ ಬೇಕು. ಅವರನ್ನು ಮ್ಯೂಸಿಯಮ್ಮಿನ ಗಾಜಿನೊಳಗಿಡುವ ಅಧಿಕಾರ ನಮಗಿಲ್ಲ. ಆದರೆ ದೆಹಲಿಯಲ್ಲಿಯೋ ಬೇರೆ ನಗರಗಳಲ್ಲಿಯೋ ಕುಳಿತು ನಕ್ಷೆ ಬರೆಯುವ ಎಂಜಿನಿಯರರು ಈ ನೆಲವನ್ನು ನೆಲವೆಂದು ತಿಳಿಯುವರು. ಅದು ಕಡಲಿನ ಹವೆಯ ಒಂದು ಭಾಗ. ದೋಣಿಯ ದಾರಿಗಾಗಿ ದಂಡೆಯನ್ನು ಎಷ್ಟು ಅಗೆಯಬಹುದು, ಒಂದು ಬಾವಿಯಿಂದ ಎಷ್ಟು ಕೊಡ ಎತ್ತಬಹುದು, ಒಳಗಡಲಿಗೆ ಎಷ್ಟು ಕೊಳಚೆಯನ್ನು ಬಿಡಬಹುದು, ಇವಕ್ಕೆಲ್ಲ ಮಿತಿಯನ್ನು ಗೊತ್ತುಮಾಡಬೇಕಾದುದು ಹವಳದ ಸ್ಥಿತಿ. ಹೋಟೆಲಿನ ಕೋಣೆಗಳ ಸಂಖ್ಯೆಯಲ್ಲ. ಕಡಲಿನ ಬಿಸಿಯನ್ನು ದ್ವೀಪವಾಸಿಗಳು ತಗ್ಗಿಸಲಾರರು, ಅದನ್ನು ಏರಿಸಿದವರೂ ಅವರಲ್ಲ. ಜ್ವರ ಬಂದವನ ಮೇಲೆ ಮೂಟೆ ಹೊರಿಸದಿರುವುದಾದರೂ ಸರಕಾರದ ಕೈಯಲ್ಲಿದೆ.

ನಮ್ಮ ರಾಜ್ಯದ ಅಧಿಕಾರಿಗಳಿಗೂ ಒಂದು ಬಿನ್ನಹ. ದೂರದ ಕಡಲಿಗೆ ಹೋಗುವ ಮಲ್ಪೆ, ಮಂಗಳೂರುಗಳ ದೋಣಿಗಳಿಗೆ ಲಕ್ಷದ್ವೀಪದ ಕಡಲಿನ ಎಚ್ಚರಿಕೆಯು ಅಚ್ಚಗನ್ನಡದಲ್ಲಿ, ತುಳುವಿನಲ್ಲಿ, ಮಲೆಯಾಳದಲ್ಲಿ, ದೋಣಿ ಬಂದರು ಬಿಡುವ ಮೊದಲೇ ಮುಟ್ಟಬೇಕು. ಬಿಟ್ಟ ಮೇಲೆಯೂ ಮುಟ್ಟುವ ಸಾಧನವು ಪ್ರತಿಯೊಂದು ದೋಣಿಯಲ್ಲಿಯೂ ಇರಬೇಕು. ಒಖಿಯ ವರ್ಷ ಎಚ್ಚರಿಕೆಯು ಹೊರಟಿತ್ತು, ಕೇಳುವವರು ಕೇಳುವ ದೂರದಲ್ಲಿರಲಿಲ್ಲ. ಹಳೆಯ ಬಂದರಿನಲ್ಲಿ ದ್ವೀಪದ ಮಂಜಿಗಳು ನಿಲ್ಲುವ ಕಟ್ಟೆಯನ್ನೂ ಸರಕು ಕಾಯುವ ಉಗ್ರಾಣವನ್ನೂ ನಮ್ಮ ಜಿಲ್ಲೆಯ ಹಳೆಯ ಋಣವೆಂದು ತಿಳಿದು ಕಾಪಾಡಬೇಕು. ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಅವರ ಕತ್ತವನ್ನು ನಮ್ಮ ಕಲೆಕ್ಟರರು ತಮ್ಮ ದರಕ್ಕೇ ಕೊಂಡಿದ್ದಾರೆ.

ನಮ್ಮ ಪತ್ರಿಕೆಯ ಮಟ್ಟಿಗೆ ಹೇಳುವುದಾದರೆ, ಬರುವ ಮೇ ೧೦ರಿಂದ ಮಂಗಳೂರಿನ ಮಳೆಯ ಅಂಕಿಯ ಪಕ್ಕದಲ್ಲಿ ಅಮೀನಿ, ಮಿನಿಕಾಯಿಗಳ ಮಳೆಯನ್ನೂ ಕಡಲಿನ ಸ್ಥಿತಿಯನ್ನೂ ದಿನದಿನವೂ ಮುದ್ರಿಸತಕ್ಕುದೆಂದು ಉಪಸಂಪಾದಕರಿಗೆ ಆಜ್ಞೆಯಾಗಿದೆ. ಸ್ಥಳ ಸಾಲದ ದಿನ ಕತ್ತರಿಯು ಬೇರೆಡೆಗೆ ಹೋಗಲಿ. ಸಂಪಾದಕರ ಲೇಖನವನ್ನು ನಾಲ್ಕು ಸಾಲು ಕಡಿಮೆ ಮಾಡಿದರೂ ಅಡ್ಡಿಯಿಲ್ಲ.